ಮನೆಗಳ ವಿದ್ಯುತ್ ಜಾಲದಲ್ಲಿ ಭೂದೋಷ ಪತ್ತೆ: ರೋಣ, ನರಗುಂದ, ಗಜೇಂದ್ರಗಡ

ಭೂದೋಷ ಪತ್ತೆ ಎಂದರೆ, ಮನೆಯ ತಂತಿಗಳೊಳಗೇ ಹರಿಯಬೇಕಾದ ಕರೆಂಟು ಹೊದಿಕೆ ಕೆಟ್ಟ ಜಾಗದಿಂದ ಯಂತ್ರದ ಲೋಹದ ಮೈಗೋ ಗೋಡೆಗೋ ನೀರಿಗೋ ನೆಲಕ್ಕೋ ಹರಿದುಹೋಗುತ್ತಿರುವುದನ್ನು ಗುರುತಿಸಿ, ಆ ಜಾಗವನ್ನು ಅಳತೆಯಿಂದ ಕಂಡುಹಿಡಿಯುವ ಕೆಲಸ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಿಗೆ ವಿದ್ಯುತ್ ಒದಗಿಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ಏಕ ಫೇಸ್ ಪೂರೈಕೆ. ಮನೆಯ ಅರ್ತ್ ಪೈಪಿನಿಂದ ಟ್ರಾನ್ಸ್‌ಫಾರ್ಮರಿನ ಅರ್ತಿನವರೆಗೆ ಮಣ್ಣೇ ದಾರಿಯಾಗಿರುವ ಕಡೆ ದೋಷದ ಕರೆಂಟು ಎಷ್ಟಿರುತ್ತದೆಂಬುದನ್ನು ಮಣ್ಣಿನ ತೇವ ನಿರ್ಧರಿಸುತ್ತದೆ. ಮಣ್ಣು ಒಣಗಿದಾಗ ಫ್ಯೂಜ್ ಸುಡುವಷ್ಟು ಕರೆಂಟು ಹರಿಯುವುದಿಲ್ಲ. ಆದ್ದರಿಂದ ದೋಷ ತಾನಾಗಿ ಬಯಲಾಗದೆ ಉಳಿಯುತ್ತದೆ, ಅದನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಪರಿಭಾಷೆ

ಫೇಸ್: ನೆಲಕ್ಕೆ ಹೋಲಿಸಿದರೆ 230 ವೋಲ್ಟ್ ಇರುವ ತಂತಿ. ಕೆಂಪು, ಹಳದಿ ಅಥವಾ ನೀಲಿ ಬಣ್ಣದ್ದು.

ನ್ಯೂಟ್ರಲ್: ಕರೆಂಟು ಮರಳುವ ತಂತಿ. ಕಪ್ಪು ಬಣ್ಣದ್ದು. ಟ್ರಾನ್ಸ್‌ಫಾರ್ಮರಿನ ಬಳಿ ಇದನ್ನು ನೆಲಕ್ಕೆ ಜೋಡಿಸಿರುತ್ತಾರೆ. ಟ್ರಾನ್ಸ್‌ಫಾರ್ಮರನ್ನು ಈ ಭಾಗದಲ್ಲಿ ಟಿ.ಸಿ. ಎನ್ನುತ್ತಾರೆ.

ಅರ್ತ್ ತಂತಿ: ಉಪಕರಣಗಳ ಲೋಹದ ಮೈಯನ್ನು ನೆಲಕ್ಕೆ ಸೇರಿಸುವ ಹಸಿರು ತಂತಿ. ದೋಷವಿಲ್ಲದಾಗ ಇದರಲ್ಲಿ ಕರೆಂಟು ಹರಿಯಬಾರದು.

ಅರ್ತ್ ಪೈಪು: ಮನೆಯ ಹೊರಗೆ ಗುಂಡಿ ತೋಡಿ ಹೂತ, ಅರ್ತ್ ತಂತಿಯ ಕೊನೆ ಸೇರುವ ಲೋಹದ ಕೊಳವೆ. ಕೆಲವೆಡೆ ಕೊಳವೆಯ ಬದಲು ತಗಡು ಹೂಳುತ್ತಾರೆ.

ಸೋರಿಕೆ: ಹೊದಿಕೆಯ ಮೂಲಕ ಅಥವಾ ಉಪಕರಣದ ಫಿಲ್ಟರ್ ಮೂಲಕ ನೆಲಕ್ಕೆ ಹರಿಯುವ ಅಲ್ಪ ಕರೆಂಟು. ಮಿಲಿಆಂಪಿಯರ್‌ಗಳಲ್ಲಿ ಅಳೆಯುತ್ತಾರೆ. ಇದು ಮಿತಿ ಮೀರಿದಾಗ ಭೂದೋಷವೆನಿಸುತ್ತದೆ.

ಅವಾಹಕ ರೋಧ: ತಂತಿಗೂ ನೆಲಕ್ಕೂ ನಡುವೆ ಹೊದಿಕೆ ಒಡ್ಡುವ ರೋಧ. ಅಳತೆಯ ಮಾನ ಮೆಗಾಓಮ್.

ಎಂಸಿಬಿ: ಹೊರೆ ಮೀರಿದಾಗ ಅಥವಾ ಶಾರ್ಟ್ ಆದಾಗ ತಾನಾಗಿ ಬೀಳುವ ಸ್ವಿಚ್.

ಆರ್‌ಸಿಸಿಬಿ: ಫೇಸ್‌ನಲ್ಲಿ ಹೋದ ಕರೆಂಟಿಗೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡಾಗ ಬೀಳುವ ಸ್ವಿಚ್. ಆಡುಮಾತಿನಲ್ಲಿ ಇದನ್ನು ಈಗಲೂ ಇಎಲ್‌ಸಿಬಿ ಎನ್ನುವುದುಂಟು.

ಫೇಸ್ ಮತ್ತು ನ್ಯೂಟ್ರಲ್ ನೇರವಾಗಿ ತಗಲುವುದು ಶಾರ್ಟ್ ಸರ್ಕ್ಯೂಟ್. ನ್ಯೂಟ್ರಲ್ ಕಡಿದುಹೋಗುವುದು ನ್ಯೂಟ್ರಲ್ ದೋಷ. ಇವೆರಡೂ ಭೂದೋಷದಿಂದ ಬೇರೆ, ಪತ್ತೆಯ ಕ್ರಮವೂ ಬೇರೆ.

ಹಿನ್ನೆಲೆ

ಅವಾಹಕ ರೋಧ ಅಳೆಯುವ ಉಪಕರಣವನ್ನು ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ 1889ರಲ್ಲಿ ರೂಪಿಸಿದರು. ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಸಂಸ್ಥೆ ಅದಕ್ಕೆ ಇಟ್ಟ ‘ಮೆಗ್ಗರ್’ ಎಂಬ ವ್ಯಾಪಾರನಾಮವೇ ಮುಂದೆ ಈ ಬಗೆಯ ಎಲ್ಲ ಉಪಕರಣಗಳಿಗೆ ರೂಢಿಯಾಯಿತು. ಮೊದಲ ತಲೆಮಾರಿನ ರಕ್ಷಣಾ ಸ್ವಿಚ್‌ಗಳು ಉಪಕರಣದ ಮೈಗೂ ನೆಲಕ್ಕೂ ನಡುವಿನ ವೋಲ್ಟೇಜ್ ನೋಡಿ ಬೀಳುತ್ತಿದ್ದವು. ಕರೆಂಟಿನ ವ್ಯತ್ಯಾಸ ನೋಡಿ ಬೀಳುವ ಸ್ವಿಚ್‌ಗಳು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಗೆ ಬಂದವು. ಮನುಷ್ಯದೇಹ ತಡೆಯಬಲ್ಲ ಕರೆಂಟಿನ ಮಿತಿಯನ್ನು ಅಧ್ಯಯನ ಮಾಡಿದ ಅಮೆರಿಕದ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಕೆಲವೇ ಮಿಲಿಆಂಪಿಯರಿಗೆ ಬೀಳುವ ಸಾಧನವನ್ನು ರೂಪಿಸಿದರು.

ರೋಣ, ನರಗುಂದ ಮತ್ತು ಗಜೇಂದ್ರಗಡ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಅದೇ ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಾಗಿ ಜನರ ಬಾಯಲ್ಲಿ ‘ಕೆಇಬಿ’ ಎಂದು ನಿಂತಿತು. 1997ರಲ್ಲಿ ಗದಗ ಜಿಲ್ಲೆ ರಚನೆಯಾಯಿತು. 2002ರಿಂದ ವಿತರಣೆಯ ಹೊಣೆ ಹೆಸ್ಕಾಂನದು. ಭಾರತದಲ್ಲಿ ಅರ್ತಿಂಗ್ ಕೆಲಸದ ಪದ್ಧತಿಯನ್ನು ಐಎಸ್ 3043 ಎಂಬ ಮಾನಕ ಹೇಳುತ್ತದೆ. ಇದು 1966ರಲ್ಲಿ ಮೊದಲು ಪ್ರಕಟವಾಗಿ, 1987 ಮತ್ತು 2018ರಲ್ಲಿ ಪರಿಷ್ಕೃತವಾಯಿತು. ಮನೆಯ ವೈರಿಂಗಿಗೆ ಐಎಸ್ 732, ಆರ್‌ಸಿಸಿಬಿಗೆ ಐಎಸ್ 12640 ಅನ್ವಯಿಸುತ್ತವೆ.

ದೋಷದ ಮಂಡಲ

ಗೀಸರಿನೊಳಗಿನ ಕಾಯಿಲ್ ಒಡೆದು ಫೇಸ್ ಅದರ ಲೋಹದ ಮೈಗೆ ತಗಲಿದೆ ಎಂದಿಟ್ಟುಕೊಂಡರೆ ಕರೆಂಟು ಸುತ್ತಿಬರುವ ದಾರಿ, ಅಂದರೆ ದೋಷದ ಮಂಡಲ, ಇದು: ಟಿ.ಸಿ.ಯಿಂದ ಫೇಸ್ ತಂತಿ, ಗೀಸರಿನ ಮೈ, ಅರ್ತ್ ತಂತಿ, ಮನೆಯ ಅರ್ತ್ ಪೈಪು, ಮಣ್ಣು, ಟಿ.ಸಿ.ಯ ಅರ್ತ್, ಮತ್ತೆ ಟಿ.ಸಿ. ತಾಮ್ರದ ತಂತಿಗಳ ರೋಧ ಒಂದು ಓಮ್‌ಗಿಂತ ಕಡಿಮೆ. ಮಂಡಲದ ರೋಧವೆಲ್ಲ ಎರಡು ಕಡೆಯ ಅರ್ತ್‌ಗಳಲ್ಲಿ ಇರುತ್ತದೆ.

ಮನೆಯ ಅರ್ತ್ ಪೈಪಿನ ರೋಧ 12 ಓಮ್, ಟಿ.ಸಿ.ಯ ಅರ್ತ್ ರೋಧ 3 ಓಮ್ ಇದ್ದರೆ ಒಟ್ಟು 15 ಓಮ್. 230 ವೋಲ್ಟ್‌ಗೆ ಹರಿಯುವ ಕರೆಂಟು 15.3 ಆಂಪಿಯರ್. 16 ಆಂಪಿಯರಿನ ಎಂಸಿಬಿಯ ಪಾಲಿಗೆ ಇದು ದಿನನಿತ್ಯದ ಹೊರೆ, ಅದು ಬೀಳುವುದಿಲ್ಲ. ಆ ಎಂಸಿಬಿ ತಕ್ಷಣ ಬೀಳಬೇಕಾದರೆ ಬಿ ವರ್ಗದ್ದಕ್ಕೆ 48ರಿಂದ 80, ಸಿ ವರ್ಗದ್ದಕ್ಕೆ 80ರಿಂದ 160 ಆಂಪಿಯರ್ ಬೇಕು. ಅಷ್ಟರಲ್ಲಿ ಗೀಸರಿನ ಮೈಮೇಲೆ ನೆಲಕ್ಕೆ ಹೋಲಿಸಿದರೆ ಸುಮಾರು 184 ವೋಲ್ಟ್ ನಿಂತಿರುತ್ತದೆ. ಅದೇ ಅರ್ತ್ ತಂತಿಗೆ ಜೋಡಿಸಿದ ಫ್ರಿಜ್, ಮಿಕ್ಸರ್ ಸ್ಟ್ಯಾಂಡ್, ನೀರೆತ್ತುವ ಮೋಟರ್ ಎಲ್ಲದರ ಮೈಗೂ ಅಷ್ಟೇ ವೋಲ್ಟೇಜ್ ಬರುತ್ತದೆ. ದೋಷವಿರುವ ಉಪಕರಣ ಒಂದಾದರೂ ಶಾಕ್ ಹೊಡೆಯುವುದು ಇನ್ನೊಂದು ಎಂಬುದು ಪತ್ತೆಯಲ್ಲಿ ಮೊದಲು ನೆನಪಿಡಬೇಕಾದ ಸಂಗತಿ. ಮಂಡಲದಲ್ಲಿ ಆಗ ಸುಮಾರು 3.5 ಕಿಲೋವ್ಯಾಟ್ ಶಾಖವಾಗಿ ಕಳೆಯುತ್ತದೆ. ಅದರಲ್ಲಿ ಸುಮಾರು 2.8 ಕಿಲೋವ್ಯಾಟ್ ಅರ್ತ್ ಪೈಪಿನ ಸುತ್ತಲೇ ಹುಟ್ಟಿ ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ.

ಇದೇ ಮಂಡಲದಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಅದು ಕೂಡಲೇ ಬೀಳುತ್ತದೆ. ಮುಟ್ಟಿದರೆ ತಡೆಯಬಹುದಾದ ವೋಲ್ಟೇಜ್ 50 ಎಂದು ಹಿಡಿದರೆ, ಲೆಕ್ಕದ ಪ್ರಕಾರ ಅರ್ತ್ ರೋಧ 1,667 ಓಮ್‌ವರೆಗೆ ಹೋದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಮಣ್ಣು ಒಣಗುವ ಪ್ರದೇಶದಲ್ಲಿ ಎಂಸಿಬಿ ಕೊಡಲಾರದ ರಕ್ಷಣೆಯನ್ನು ಆರ್‌ಸಿಸಿಬಿ ಕೊಡಬಲ್ಲುದು ಈ ಕಾರಣದಿಂದ.

ಮಣ್ಣು ಮತ್ತು ನೀರು

ನರಗುಂದ ಹಾಗೂ ರೋಣದ ಬಹುಭಾಗ ಎರೆಭೂಮಿ. ಎರೆಮಣ್ಣು ಹಸಿಯಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಸಾಗಿಸುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಆಗ ಅರ್ತ್ ಪೈಪಿಗೂ ಮಣ್ಣಿಗೂ ನಡುವೆ ಸಂದು ಬಿದ್ದು ಸಂಪರ್ಕ ತಪ್ಪುತ್ತದೆ. ಗಜೇಂದ್ರಗಡದ ಗುಡ್ಡದ ಬದಿಯಲ್ಲಿ ಮೇಲ್ಮಣ್ಣು ತೆಳು, ಕೆಳಗೆ ಬಂಡೆ. ಅಲ್ಲಿ ಪೈಪನ್ನು ಬೇಕಾದ ಆಳಕ್ಕೆ ಇಳಿಸುವುದೇ ಕಷ್ಟ.

2.5 ಮೀಟರ್ ಉದ್ದ, 40 ಮಿಲಿಮೀಟರ್ ವ್ಯಾಸದ ಪೈಪಿನ ರೋಧವನ್ನು ಓಮ್‌ಗಳಲ್ಲಿ ಹೇಳಿದರೆ, ಅದು ಓಮ್-ಮೀಟರ್‌ನಲ್ಲಿ ಹೇಳುವ ಮಣ್ಣಿನ ರೋಧತೆಯ ಸರಿಸುಮಾರು ಮೂರನೇ ಒಂದು ಭಾಗ. ರೋಧತೆ 20 ಓಮ್-ಮೀಟರ್ ಇರುವ ಹಸಿ ಜೇಡಿಯಲ್ಲಿ ಒಂದು ಪೈಪಿಗೆ 7 ಓಮ್ ಸಿಗುತ್ತದೆ. 100 ಓಮ್-ಮೀಟರ್ ಇರುವ ಒಣ ಮಣ್ಣಿನಲ್ಲಿ ಅದು 33 ಓಮ್, 1,000 ಓಮ್-ಮೀಟರ್ ಇರುವ ಕಲ್ಲುನೆಲದಲ್ಲಿ 330 ಓಮ್. ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುವ ರೂಢಿಗೆ ಕಾರಣ ಇದೇ. ಉಪ್ಪು ರೋಧವನ್ನು ಇಳಿಸಿದರೂ ಕಾಲಕ್ರಮದಲ್ಲಿ ಕಬ್ಬಿಣದ ಪೈಪನ್ನು ತಿನ್ನುತ್ತದೆ.

ಮಲಪ್ರಭಾ ನದಿ ಮತ್ತು ಬೆಣ್ಣಿಹಳ್ಳದ ದಂಡೆಯ ಊರುಗಳಲ್ಲಿ ಸಮಸ್ಯೆ ನೀರಿನದು. 2009 ಮತ್ತು 2019ರ ನೆರೆಯಲ್ಲಿ ಈ ದಂಡೆಯೂರುಗಳಿಗೆ ನೀರು ನುಗ್ಗಿತು. 2019ರಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಬಾಧಿತ ಊರುಗಳಲ್ಲಿ ಸೇರಿದ್ದವು. ಗೋಡೆಯೊಳಗಿನ ಕೊಳವೆಗಳಲ್ಲಿ ಕೆಸರು ನಿಂತ ಮನೆಯಲ್ಲಿ ಮೇಲ್ನೋಟಕ್ಕೆ ಗೋಡೆ ಒಣಗಿದ ಬಳಿಕವೂ ಅವಾಹಕ ರೋಧ ಕೆಳಗೇ ಉಳಿಯುತ್ತದೆ. ನೆರೆಯಿಂದ ಮರಳಿದ ಮನೆಗೆ ಅಳತೆ ಮಾಡದೆ ವಿದ್ಯುತ್ ಹಾಯಿಸಬಾರದು.

ಮನೆಗಳ ವೈರಿಂಗ್

ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ತೊಲೆ ಮತ್ತು ಜಂತಿಗಳ ಮೇಲೆ ಕಟ್ಟಿಗೆಯ ಪಟ್ಟಿ ಹೊಡೆದು ತಂತಿ ಎಳೆದಿರುತ್ತಾರೆ. ಮಳೆಗಾಲದಲ್ಲಿ ಮಾಳಿಗೆ ಸೋರಿ ಗೋಡೆ ತೇವ ಹಿಡಿದಾಗ ನೀರು ತಂತಿಗುಂಟ ಇಳಿದು ಸ್ವಿಚ್ ಬೋರ್ಡಿನ ಹಿಂದೆ ಸೇರುತ್ತದೆ. ಬೋರ್ಡಿನ ಮೊಳೆ ಮುಟ್ಟಿದರೆ ಜುಮ್ಮೆನ್ನುವುದು, ಟೆಸ್ಟರ್ ಗೋಡೆಗೆ ಹಿಡಿದರೂ ಮಿಣುಕುವುದು ಇದರ ಲಕ್ಷಣ. ಇಲಿ, ಹೆಗ್ಗಣ ಕಡಿದ ತಂತಿಯೂ ಈ ಮನೆಗಳಲ್ಲಿ ಸಾಮಾನ್ಯ. ಅರ್ತ್ ತಂತಿಯನ್ನೇ ಎಳೆಯದೆ ಎರಡು ತಂತಿಯಲ್ಲಿ ಮುಗಿಸಿದ ಹಳೆಯ ವೈರಿಂಗ್‌ನಲ್ಲಿ ದೋಷದ ಕರೆಂಟಿಗೆ ದಾರಿ ಇರುವುದಿಲ್ಲ, ಮುಟ್ಟಿದವರ ದೇಹವೇ ದಾರಿಯಾಗುತ್ತದೆ.

ತಗಡಿನ ಮನೆಗಳಲ್ಲಿ ಸರ್ವಿಸ್ ವೈರ್ ತಗಡಿನ ಅಂಚಿಗೆ ಉಜ್ಜಿ ಹೊದಿಕೆ ಹರಿದರೆ ಇಡೀ ಚಾವಣಿಗೆ ವಿದ್ಯುತ್ ಬರುತ್ತದೆ. ಚಾವಣಿಯಿಂದ ಕಟ್ಟಿದ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೂ ಅದು ಹರಿಯುತ್ತದೆ. ಕಾಂಕ್ರೀಟಿನ (ಆರ್‌ಸಿಸಿ) ಮನೆಗಳಲ್ಲಿ ತಂತಿ ಗೋಡೆಯೊಳಗಿನ ಪಿವಿಸಿ ಕೊಳವೆಯಲ್ಲಿ ಇರುವುದರಿಂದ ದೋಷ ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲೇ ವಿದ್ಯುತ್ ಮಗ್ಗ ಇಟ್ಟ ನೇಕಾರರ ಕಡೆ ಮೋಟರಿನೊಳಗೆ ಹತ್ತಿಯ ಧೂಳು ಸೇರಿ ತೇವ ಹಿಡಿಯುವುದು ಇನ್ನೊಂದು ಕಾರಣ.

ದೋಷದ ಬಗೆಗಳು

ಘನ ದೋಷ: ಫೇಸ್ ತಂತಿ ಲೋಹದ ಮೈಗೆ ನೇರ ತಗಲಿದ ಸ್ಥಿತಿ. ಅಳತೆಯಲ್ಲಿ ರೋಧ ಸೊನ್ನೆಯ ಹತ್ತಿರ ಬರುತ್ತದೆ. ಹುಡುಕುವುದು ಸುಲಭ.

ಸೋರಿಕೆ ದೋಷ: ತೇವ, ಧೂಳು ಅಥವಾ ಸುಟ್ಟ ಹೊದಿಕೆಯ ಮೂಲಕ ಮಿಲಿಆಂಪಿಯರ್‌ಗಳಷ್ಟು ಹರಿಯುವುದು. ಅವಾಹಕ ರೋಧ 10 ಕಿಲೋಓಮ್‌ಗೆ ಇಳಿದರೆ ಸೋರಿಕೆ 23 ಮಿಲಿಆಂಪಿಯರ್. 30 ಮಿಲಿಆಂಪಿಯರಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿಯಾದರೂ ಬೀಳಬಹುದು.

ಬಿಟ್ಟುಬಿಟ್ಟು ಬರುವ ದೋಷ: ಮಳೆ ಬಂದಾಗ, ಗೀಸರ್ ಕಾದಾಗ, ಮೋಟರ್ ನಡುಗಿದಾಗ ಮಾತ್ರ ಕಾಣುವುದು. ಮಳೆಗಾಲದಲ್ಲಿ ಕಂಡ ದೋಷ ಬಿಸಿಲು ಬಿದ್ದ ಮೇಲೆ ಅಳತೆಗೆ ಸಿಗದಿರಬಹುದು.

ನ್ಯೂಟ್ರಲ್–ಅರ್ತ್ ದೋಷ: ನ್ಯೂಟ್ರಲ್ ತಂತಿ ಅರ್ತ್ ತಂತಿಗೆ ಅಥವಾ ಹಸಿ ಗೋಡೆಗೆ ತಗಲುವುದು. ಶಾಕ್ ಹೊಡೆಯದಿದ್ದರೂ ಮರಳುವ ಕರೆಂಟಿನ ಒಂದು ಪಾಲು ಅರ್ತ್‌ಗೆ ಹೋಗುವುದರಿಂದ ಆರ್‌ಸಿಸಿಬಿ ಬೀಳುತ್ತದೆ.

ಸಂಚಿತ ಸೋರಿಕೆ: ಕಂಪ್ಯೂಟರ್, ವಾಷಿಂಗ್ ಮಷಿನ್, ಎಲ್‌ಇಡಿ ಡ್ರೈವರ್ ಮುಂತಾದವುಗಳ ಫಿಲ್ಟರಿನಿಂದ ಅಲ್ಪಸ್ವಲ್ಪ ಕರೆಂಟು ಸಹಜವಾಗಿಯೇ ಅರ್ತ್‌ಗೆ ಹೋಗುತ್ತದೆ. ಇವೆಲ್ಲ ಕೂಡಿ ಆರ್‌ಸಿಸಿಬಿ ಬೀಳಬಹುದು. ಇಲ್ಲಿ ಕೆಟ್ಟ ತಂತಿ ಇರುವುದಿಲ್ಲ.

ಅರ್ತನ್ನೇ ನ್ಯೂಟ್ರಲ್ ಆಗಿ ಬಳಸುವುದು: ನ್ಯೂಟ್ರಲ್ ತಪ್ಪಿದಾಗ ದೀಪದ ಒಂದು ತುದಿಯನ್ನು ಅರ್ತ್ ಪೈಪಿಗೆ ಕೊಡುವ ರೂಢಿ. ಇದು ಮನುಷ್ಯಕೃತ ಭೂದೋಷ. ಹೊರೆ ಹೆಚ್ಚಿದಂತೆ ಮನೆಯ ಎಲ್ಲ ಲೋಹದ ಮೈಗೂ ವೋಲ್ಟೇಜ್ ಏರುತ್ತದೆ.

ಉಪಕರಣಗಳು

ನಿಯಾನ್ ಟೆಸ್ಟರ್ ವೋಲ್ಟೇಜ್ ಇದೆಯೆಂಬುದನ್ನು ಸೂಚಿಸುತ್ತದೆ, ಅಳೆಯುವುದಿಲ್ಲ. ಪಕ್ಕದ ತಂತಿಯ ಪ್ರೇರಣೆಗೂ ಅದು ಮಿಣುಕುವುದರಿಂದ ಅದರೊಂದರ ಮೇಲೆ ತೀರ್ಮಾನಕ್ಕೆ ಬರುವಂತಿಲ್ಲ.

ಟೆಸ್ಟ್ ಲ್ಯಾಂಪ್ ಎಂದರೆ ಫೇಸ್ ಮತ್ತು ಅರ್ತ್ ನಡುವೆ ಹಿಡಿಯುವ ಸಾದಾ ಬಲ್ಬು. ಬಲ್ಬು ಪೂರ್ತಿ ಉರಿದರೆ ಅರ್ತ್ ಸರಿಯಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. 100 ವ್ಯಾಟ್ ಬಲ್ಬಿನ ರೋಧ ಉರಿಯುವಾಗ 529 ಓಮ್. ಅರ್ತ್ ರೋಧ 50 ಓಮ್ ಇದ್ದರೂ ಅಲ್ಲಿ ಇಳಿಯುವುದು ಸುಮಾರು 20 ವೋಲ್ಟ್ ಮಾತ್ರ, ಆದ್ದರಿಂದ ಬಲ್ಬು ಬೆಳ್ಳಗೇ ಉರಿಯುತ್ತದೆ. 50 ಓಮ್ ಅರ್ತ್ ಮೂಲಕ 5 ಆಂಪಿಯರಿನ ಫ್ಯೂಜ್ ಕೂಡ ಹೋಗುವುದಿಲ್ಲ. ಅರ್ತ್ ತಂತಿ ತೀರ ಕಡಿದಿದೆಯೇ ಎಂಬುದನ್ನಷ್ಟೇ ಈ ಪರೀಕ್ಷೆ ತಿಳಿಸಬಲ್ಲುದು. ಸಾಲು ಜೀವಂತ ಇರುವಾಗ ಮಾಡುವ ಪರೀಕ್ಷೆಯಾದ್ದರಿಂದ ಅಪಾಯಕಾರಿಯೂ ಹೌದು.

ಮಲ್ಟಿಮೀಟರ್ ಘನ ದೋಷವನ್ನು ತೋರಿಸುತ್ತದೆ. ಅದರ ಬ್ಯಾಟರಿಯ ಕಡಿಮೆ ವೋಲ್ಟೇಜಿಗೆ ತೇವದ ಸೋರಿಕೆ ಕಾಣದೆ ಹೋಗಬಹುದು. ಮೆಗ್ಗರ್ 500 ವೋಲ್ಟ್ ಡಿಸಿ ಕೊಟ್ಟು ಹೊದಿಕೆಯ ದೌರ್ಬಲ್ಯವನ್ನು ಬಯಲಿಗೆ ತರುತ್ತದೆ. ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರನ್ನು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಒಳಗೊಳ್ಳುವಂತೆ ಹಿಡಿದರೆ ಹೋದ ಮತ್ತು ಬಂದ ಕರೆಂಟುಗಳು ಪರಸ್ಪರ ಕಳೆದು, ಉಳಿದ ಸೋರಿಕೆ ಮಾತ್ರ ಮುಳ್ಳಿಗೆ ಬರುತ್ತದೆ. ಇದಕ್ಕೆ ಮಿಲಿಆಂಪಿಯರ್ ತೋರಿಸುವ ಕ್ಲ್ಯಾಂಪ್ ಬೇಕು, ಮೋಟರಿನ ಕರೆಂಟು ಅಳೆಯುವ ಸಾದಾ ಕ್ಲ್ಯಾಂಪ್ ಸಾಲದು.

ಏಕ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಹಲವು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆಯುತ್ತವೆ. ಎರಡರಲ್ಲಿ ವ್ಯತ್ಯಾಸ ಬಂದಾಗ ‘ಅರ್ತ್’ ಎಂಬ ಸಣ್ಣ ದೀಪ ಹೊತ್ತುತ್ತದೆ. ಮನೆಯಲ್ಲಿ ಭೂದೋಷ ಇರಬಹುದೆಂಬುದಕ್ಕೆ ಖರ್ಚಿಲ್ಲದೆ ಸಿಗುವ ಮೊದಲ ಸೂಚನೆ ಇದು. ಎರಡು ಮನೆಗಳ ನ್ಯೂಟ್ರಲ್ ಕೂಡಿಕೊಂಡಿದ್ದರೂ ಇದೇ ದೀಪ ಹೊತ್ತುತ್ತದೆ.

ಪತ್ತೆಯ ಕ್ರಮ

ಪತ್ತೆಯ ಮೂಲತತ್ತ್ವ ವಿಭಜನೆ. ಇಡೀ ಜಾಲವನ್ನು ಭಾಗ ಮಾಡಿ, ಪ್ರತಿ ಭಾಗವನ್ನು ಅಳೆದು, ಸರಿಯಿರುವುದನ್ನು ಬಿಟ್ಟು ಕೆಟ್ಟಿರುವುದನ್ನು ಮತ್ತೆ ಭಾಗ ಮಾಡುತ್ತಾ ಹೋಗುವುದು.

ಮೊದಲ ಹಂತ ಉಪಕರಣಗಳದು. ಎಲ್ಲ ಪ್ಲಗ್‌ಗಳನ್ನು ತೆಗೆದು ಆರ್‌ಸಿಸಿಬಿ ಏರಿಸಬೇಕು. ನಿಂತರೆ ಒಂದೊಂದೇ ಪ್ಲಗ್ ಹಾಕುತ್ತಾ ಹೋದಾಗ ಯಾವುದಕ್ಕೆ ಬೀಳುತ್ತದೋ ಆ ಉಪಕರಣ ಶಂಕಿತ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಕಡಿಯುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಮತ್ತು ಅರ್ತ್ ಜೋಡಿಸಿಕೊಂಡೇ ಇರುತ್ತವೆ. ಗೀಸರ್, ನೀರು ಕಾಯಿಸುವ ರಾಡ್, ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್, ಕೂಲರ್ ಮತ್ತು ನೀರೆತ್ತುವ ಮೋಟರುಗಳನ್ನು ಮೊದಲು ನೋಡುವುದು ವಾಡಿಕೆ.

ಎರಡನೆಯ ಹಂತ ಸರ್ಕ್ಯೂಟ್‌ಗಳದು. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಏರಿಸಿ, ಒಂದೊಂದೇ ಎಂಸಿಬಿ ಏರಿಸುತ್ತಾ ಹೋಗಬೇಕು. ಒಂದು ನಿರ್ದಿಷ್ಟ ಎಂಸಿಬಿಗೆ ಬಿದ್ದರೆ ಆ ಸರ್ಕ್ಯೂಟಿನ ಫೇಸ್‌ನಲ್ಲಿ ದೋಷ. ಯಾವ ಎಂಸಿಬಿ ಏರಿಸಿ ಹೊರೆ ಹಾಕಿದರೂ ಬೀಳುತ್ತಿದ್ದರೆ ನ್ಯೂಟ್ರಲ್–ಅರ್ತ್ ದೋಷದ ಶಂಕೆ. ಒಂಟಿ ಪೋಲಿನ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಾದ್ದರಿಂದ, ಇಳಿಸಿಟ್ಟ ಸರ್ಕ್ಯೂಟಿನ ನ್ಯೂಟ್ರಲ್–ಅರ್ತ್ ದೋಷವೂ ಉಳಿದ ಸರ್ಕ್ಯೂಟ್‌ಗಳನ್ನು ಕಾಡುತ್ತದೆ. ಆಗ ಮೇನ್ ಆಫ್ ಮಾಡಿ, ನ್ಯೂಟ್ರಲ್ ಪಟ್ಟಿಯಿಂದ ಪ್ರತಿ ತಂತಿಯನ್ನೂ ಬಿಚ್ಚಿ ಬೇರೆಬೇರೆಯಾಗಿ ಅಳೆಯಬೇಕು.

ಮೂರನೆಯ ಹಂತ ಮೆಗ್ಗರ್ ಅಳತೆ. ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಿ, ತಂತಿ ಸತ್ತಿದೆಯೆಂದು ಖಚಿತಪಡಿಸಿಕೊಂಡು, ಎಲ್‌ಇಡಿ ದೀಪ, ಫ್ಯಾನ್ ರೆಗ್ಯುಲೇಟರ್, ಟಿವಿ ಮುಂತಾದ ಎಲೆಕ್ಟ್ರಾನಿಕ್ ವಸ್ತುಗಳನ್ನು ಕಳಚಿ, ಪ್ರತಿ ಸರ್ಕ್ಯೂಟಿನ ಫೇಸ್ ಹಾಗೂ ನ್ಯೂಟ್ರಲ್‌ಗಳನ್ನು ಅರ್ತ್‌ಗೆ ಎದುರಾಗಿ ಒಂದು ನಿಮಿಷ ಅಳೆಯುತ್ತಾರೆ. ನಿಯಮದಂತೆ ಕನಿಷ್ಠ 1 ಮೆಗಾಓಮ್ ಇರಬೇಕು. ಹೊಸ ವೈರಿಂಗ್‌ನಲ್ಲಿ ಇದು ಸಾಮಾನ್ಯವಾಗಿ ಹತ್ತಾರು ಮೆಗಾಓಮ್ ಇರುತ್ತದೆ.

ಉದಾಹರಣೆಗೆ ಆರು ಸರ್ಕ್ಯೂಟಿನ ಒಂದು ಮನೆ. ಎಲ್ಲವನ್ನೂ ಕೂಡಿಸಿ ಅಳೆದರೆ 0.05 ಮೆಗಾಓಮ್. ಬಿಡಿಸಿ ಅಳೆದಾಗ ಐದು ಸರ್ಕ್ಯೂಟ್‌ಗಳು ತಲಾ 100 ಮೆಗಾಓಮ್, ಬಚ್ಚಲಮನೆಯದು 0.05. ಸಮಾಂತರ ಜೋಡಣೆಯಲ್ಲಿ ಅತಿ ಕಡಿಮೆ ರೋಧವೇ ಒಟ್ಟು ಅಳತೆಯನ್ನು ನಿರ್ಧರಿಸುವುದರಿಂದ ಕೂಡಿಸಿ ಅಳೆದ ಅಂಕಿಯಿಂದ ಜಾಗ ಗೊತ್ತಾಗುವುದಿಲ್ಲ. ಮುಂದೆ ಬಚ್ಚಲಮನೆಯ ಸಾಲಿನ ನಡುವಿನ ಜಂಕ್ಷನ್ ಬಾಕ್ಸ್ ತೆರೆದು ತಂತಿ ಬಿಡಿಸಿ ಎರಡೂ ಕಡೆ ಅಳೆಯಬೇಕು. ಮೀಟರಿನ ಕಡೆಯ ಭಾಗ 100, ಗೀಸರ್ ಕಡೆಯ ಭಾಗ 0.05 ಬಂದರೆ ಹುಡುಕುವ ಉದ್ದ ಅರ್ಧಕ್ಕೆ ಇಳಿಯಿತು. ಎಂಟು ತುಂಡುಗಳ ಸಾಲಿನಲ್ಲಿ ಹೀಗೆ ಮೂರು ಸಲ ಭಾಗ ಮಾಡಿದರೆ ಕೆಟ್ಟ ತುಂಡು ಸಿಗುತ್ತದೆ. ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಹಸಿ ಗೋಡೆಯ ಬಾಕ್ಸಿನೊಳಗಿನ ಟೇಪ್ ಸುತ್ತಿದ ಒಂದು ಜೋಡು.

ಬಿಟ್ಟುಬಿಟ್ಟು ಬರುವ ದೋಷಕ್ಕೆ ಕ್ಲ್ಯಾಂಪ್ ಮೀಟರ್ ಅನುಕೂಲ. ಸಾಲು ನಡೆಯುತ್ತಿರುವಾಗಲೇ ಪ್ರತಿ ಸರ್ಕ್ಯೂಟಿನ ಸೋರಿಕೆಯನ್ನು ಒಣ ದಿನ ಒಮ್ಮೆ, ಮಳೆಯ ಮರುದಿನ ಒಮ್ಮೆ ಅಳೆದು ಬರೆದಿಟ್ಟರೆ ಹೆಚ್ಚಿದ ಸಾಲು ತಿಳಿಯುತ್ತದೆ.

ನೆಲದೊಳಗಿನ ಕೇಬಲ್

ಅಂಗಳದ ಕೊಳವೆಬಾವಿಗೆ, ಹಿತ್ತಲ ದನದ ಕೊಟ್ಟಿಗೆಗೆ ನೆಲದೊಳಗೆ ಹಾಯಿಸಿದ ಕೇಬಲಿನಲ್ಲಿ ಜಂಕ್ಷನ್ ಬಾಕ್ಸ್ ಇರುವುದಿಲ್ಲ. ಮೊದಲು ಮೋಟರ್ ಕಡೆಯ ತುದಿ ಬಿಚ್ಚಿ ಕೇಬಲನ್ನೂ ಮೋಟರನ್ನೂ ಬೇರೆಬೇರೆ ಅಳೆಯುತ್ತಾರೆ. ಕೇಬಲಿನಲ್ಲೇ ದೋಷವಿದ್ದು ಅದೇ ಅಳತೆಯ ಇನ್ನೊಂದು ತಂತಿ ಸರಿಯಿದ್ದರೆ ಮರ್ರೆ ಲೂಪ್ ಎಂಬ ಸೇತುಪರೀಕ್ಷೆಯಿಂದ ದೂರ ಲೆಕ್ಕ ಹಾಕಬಹುದು. ಎರಡು ತಂತಿಗಳನ್ನು ದೂರದ ತುದಿಯಲ್ಲಿ ಕೂಡಿಸಿ, ಈ ತುದಿಯಲ್ಲಿ ಎರಡು ರೋಧಗಳೊಂದಿಗೆ ಸೇತು ಕಟ್ಟಿ ಸಮತೋಲಕ್ಕೆ ತರುತ್ತಾರೆ. ಕೇಬಲಿನ ಉದ್ದ 80 ಮೀಟರ್, ಸರಿಯಿರುವ ತಂತಿಯ ಕಡೆಯ ರೋಧ ದೋಷವಿರುವ ತಂತಿಯ ಕಡೆಯದಕ್ಕಿಂತ ಮೂರು ಪಟ್ಟು ಬಂದರೆ, ಒಟ್ಟು 160 ಮೀಟರಿನ ನಾಲ್ಕನೇ ಒಂದು ಭಾಗ, ಅಂದರೆ 40 ಮೀಟರಿನಲ್ಲಿ ದೋಷವಿದೆ. ಎರೆಭೂಮಿಯಲ್ಲಿ ಮಣ್ಣು ಹಿಗ್ಗಿ ಕುಗ್ಗುವಾಗ ಕೇಬಲಿನ ಜೋಡುಗಳು ಎಳೆದು ಸಡಿಲವಾಗುವ ಸಂಭವವಿರುವುದರಿಂದ ಜೋಡಿರುವ ಜಾಗವನ್ನು ಮೊದಲು ಅಗೆದು ನೋಡಬೇಕು.

ಅರ್ತ್ ಪೈಪಿನ ಪರೀಕ್ಷೆ

ದೋಷ ಸಿಕ್ಕಿ ದುರಸ್ತಿಯಾದ ಮೇಲೂ ಅರ್ತ್ ಪೈಪು ಅಳೆಯದೆ ಕೆಲಸ ಪೂರ್ಣವಾಗುವುದಿಲ್ಲ. ಅರ್ತ್ ಟೆಸ್ಟರಿನ ಎರಡು ಮೊಳೆಗಳನ್ನು ಪೈಪಿನಿಂದ ಒಂದೇ ಗೆರೆಯಲ್ಲಿ ನೆಲಕ್ಕೆ ಹೊಡೆಯುತ್ತಾರೆ. ದೂರದ ಮೊಳೆಯಲ್ಲಿ ಕರೆಂಟು ಹಾಯಿಸಿ, ಆ ದೂರದ ಶೇ. 62ರ ಹತ್ತಿರ ಹೊಡೆದ ನಡುವಿನ ಮೊಳೆಯಲ್ಲಿ ವೋಲ್ಟೇಜ್ ಅಳೆದು ರೋಧ ಪಡೆಯುತ್ತಾರೆ. ಮನೆಯ ಅರ್ತ್ ತಂತಿಯನ್ನು ಪೈಪಿನಿಂದ ಬಿಚ್ಚಿ ಅಳೆಯಬೇಕು, ಬಿಚ್ಚುವ ಮೊದಲು ಮೇನ್ ಆರಿಸಿರಬೇಕು. ಈ ಪ್ರದೇಶದಲ್ಲಿ ಏಪ್ರಿಲ್–ಮೇ ತಿಂಗಳ ಅಳತೆಯೇ ನಿರ್ಣಾಯಕ. ಮಳೆಗಾಲದಲ್ಲಿ 7 ಓಮ್ ತೋರಿದ ಪೈಪು ಬೇಸಿಗೆಯಲ್ಲಿ ಅದರ ಹಲವು ಪಟ್ಟು ತೋರಬಹುದು. ಪೈಪು ಕಟ್ಟಡದಿಂದ ಕನಿಷ್ಠ 1.5 ಮೀಟರ್ ದೂರವಿರಬೇಕೆಂದು ಮಾನಕ ಹೇಳುತ್ತದೆ. ಒಂದು ಪೈಪು ಸಾಲದಿದ್ದರೆ ಪೈಪಿನ ಉದ್ದದಷ್ಟಾದರೂ ಅಂತರ ಬಿಟ್ಟು ಇನ್ನೊಂದನ್ನು ಹೂತು ಎರಡನ್ನೂ ಜೋಡಿಸುತ್ತಾರೆ.

ದುರಸ್ತಿ ಮತ್ತು ಸುರಕ್ಷತೆ

ಗೋಡೆಯೊಳಗಿನ ಕೆಟ್ಟ ತಂತಿಗೆ ಟೇಪ್ ಸುತ್ತುವುದು ದುರಸ್ತಿಯಲ್ಲ, ಬಾಕ್ಸಿನಿಂದ ಬಾಕ್ಸಿಗೆ ಇಡೀ ತುಂಡನ್ನು ಬದಲಿಸಬೇಕು. ಅದೇ ಸರ್ಕ್ಯೂಟಿಗೆ ಮತ್ತೆ ಮೆಗ್ಗರ್ ಹಿಡಿದು ಅಂಕಿ ಬರೆದಿಡಬೇಕು. ಕೊನೆಗೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಈ ಗುಂಡಿ ಸ್ವಿಚ್ಚಿನ ಒಳಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ತ್ ಸರಿಯಿದೆಯೇ ಎಂಬುದನ್ನು ಹೇಳುವುದಿಲ್ಲ. ಪದೇ ಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನು ಬಿಟ್ಟು ನೇರ ತಂತಿ ಕೊಡುವುದು ದೋಷವನ್ನು ಮರೆಮಾಚುತ್ತದೆ.

ದೇಹದಲ್ಲಿ 10 ಮಿಲಿಆಂಪಿಯರಿನ ಹತ್ತಿರ ಕೈ ಬಿಡಿಸಿಕೊಳ್ಳಲಾಗದ ಸ್ಥಿತಿ ಬರುತ್ತದೆ. 30 ಮಿಲಿಆಂಪಿಯರ್ ಮೀರಿ ಹೆಚ್ಚು ಹೊತ್ತು ಹರಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಆ ಕರೆಂಟಿಗೆ 300 ಮಿಲಿಸೆಕೆಂಡಿನೊಳಗೆ ಬೀಳಬೇಕೆಂಬ ನಿಯಮ ಇದರಿಂದ ಬಂದದ್ದು. ಶಾಕ್ ತಗುಲಿದವರನ್ನು ಮುಟ್ಟುವ ಮೊದಲು ಮೇನ್ ಆರಿಸಬೇಕು. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದರೂ ತಂತಿ ಜೀವಂತವಾಗಿರುತ್ತದೆ.

ಕಾನೂನು ಮತ್ತು ಹೊಣೆ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸ ನಿಯಮಗಳು ಅವುಗಳ ಜಾಗಕ್ಕೆ ಬಂದವು. 2010ರ ನಿಯಮಗಳು ಸೋರಿಕೆ ರಕ್ಷಣಾ ಸಾಧನದ ಮಿತಿಯನ್ನು ಗೃಹ ಸಂಪರ್ಕಕ್ಕೆ 30 ಮಿಲಿಆಂಪಿಯರ್, ಉಳಿದವುಗಳಿಗೆ 100 ಮಿಲಿಆಂಪಿಯರ್ ಎಂದು ಗೊತ್ತುಪಡಿಸಿದವು. ಮೀಟರಿನವರೆಗಿನ ಸಾಲು, ಕಂಬ ಮತ್ತು ಟಿ.ಸಿ. ಹೆಸ್ಕಾಂನ ಹೊಣೆ. ಮೀಟರಿನಿಂದ ಒಳಗಿನ ವೈರಿಂಗ್ ಗ್ರಾಹಕರದು. ಒಳಗಿನ ಕೆಲಸವನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆಯಿಂದ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕ ಮಾಡಿಸಬೇಕು. ಕಂಬದ ಕಡೆಯ ದೋಷಕ್ಕೆ 1912 ಸಂಖ್ಯೆಗೆ ದೂರು ಕೊಡಬಹುದು.

ಇಂದಿನ ಸ್ಥಿತಿ

ಹೊಸ ಮನೆಗಳಲ್ಲಿ ಆರ್‌ಸಿಸಿಬಿ ಅಳವಡಿಸುವುದು ಹೆಚ್ಚುತ್ತಿದೆ. ಹಳೆಯ ಮನೆಗಳಲ್ಲಿ ಫ್ಯೂಜ್ ಕಟೌಟ್ ಮತ್ತು ಹೊಸ ಎಂಸಿಬಿ ಒಟ್ಟಿಗೇ ಇರುವ ಮಿಶ್ರ ವೈರಿಂಗ್ ಕಾಣಸಿಗುತ್ತದೆ. ಉಪ್ಪು–ಇದ್ದಿಲಿನ ಗುಂಡಿಯ ಬದಲು ತೇವ ಹಿಡಿದಿಡುವ ಮಿಶ್ರಣ ತುಂಬಿದ ‘ಕೆಮಿಕಲ್ ಅರ್ತಿಂಗ್’ ಮಾರುಕಟ್ಟೆಯಲ್ಲಿದೆ.

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆ ಮನೆಗಳಿಗೆ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ, ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ, ಉಚಿತ ವಿದ್ಯುತ್ ನೀಡುತ್ತದೆ. 100 ಮಿಲಿಆಂಪಿಯರಿನ ನಿರಂತರ ಭೂಸೋರಿಕೆ ಆ ಮಿತಿಯಲ್ಲಿ ತಿಂಗಳಿಗೆ ಸುಮಾರು 16.5 ಯೂನಿಟ್ ತಿನ್ನುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಇಂಥ ಸೋರಿಕೆ ಕಾರಣ ತಿಳಿಯದ ಹೆಚ್ಚುವರಿ ಬಳಕೆಯಾಗಿ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಚಾವಣಿಯ ಸೌರಫಲಕಗಳು ಭೂದೋಷಕ್ಕೆ ಡಿಸಿ ಎಂಬ ಹೊಸ ಬಗೆಯನ್ನು ಸೇರಿಸಿವೆ. ಸಾಮಾನ್ಯ ಎಸಿ ವರ್ಗದ ಆರ್‌ಸಿಸಿಬಿ ಏಕಮುಖ ಸೋರಿಕೆಯನ್ನು ಗುರುತಿಸುವುದಿಲ್ಲ. ಎ ವರ್ಗದ್ದು ಮಿಡಿಯುವ ಡಿಸಿಯನ್ನು ಗುರುತಿಸಿದರೂ ಸಮನಾದ ಡಿಸಿಗೆ ಸಾಲದು. ಗ್ರಿಡ್‌ಗೆ ಜೋಡಿಸುವ ಸೌರ ಇನ್ವರ್ಟರುಗಳು ಬೆಳಿಗ್ಗೆ ಆರಂಭವಾಗುವ ಮೊದಲು ಫಲಕಗಳ ಅವಾಹಕ ರೋಧವನ್ನು ತಾವೇ ಅಳೆದು, ಕಡಿಮೆ ಬಂದರೆ ನಿಂತು ಸಂಕೇತ ತೋರುತ್ತವೆ. ಬಿಸಿಲು ಇರುವಷ್ಟು ಹೊತ್ತು ಫಲಕದ ತಂತಿಗಳನ್ನು ಮೇನ್ ಸ್ವಿಚ್ಚಿನಿಂದ ಸತ್ತ ಸ್ಥಿತಿಗೆ ತರಲು ಆಗದಿರುವುದರಿಂದ, ಡಿಸಿ ಕಡೆಯ ಪತ್ತೆಯಲ್ಲಿ ಫಲಕಗಳ ಸಾಲನ್ನು ಡಿಸಿ ಐಸೊಲೇಟರಿನಿಂದ ಬಿಡಿಸಿ, ಸಾಲುಸಾಲಾಗಿ ಅಳೆಯುವ ಕ್ರಮ ಅನುಸರಿಸುತ್ತಾರೆ.